ಎಡಗಡೆ ಸೀಟಿನ ತೂಕ

ಪಿ.ಟಿ. ಸರ್ ತೀರಿಕೊಂಡ ದಿನ ಬೆಟಗೇರಿಯ ಅವರ ಮನೆಯ ಮುಂದೆ ಚಪ್ಪಲಿಗಳು ಅಡ್ಡಾದಿಡ್ಡಿ ಬಿದ್ದಿದ್ದವು. ಒಂದರ ಮೇಲೊಂದು, ಎಡಗಾಲಿನದು ಮೆಟ್ಟಿಲ ಹತ್ತಿರ, ಬಲಗಾಲಿನದು ಗಟಾರದ ಅಂಚಿಗೆ. ಒಳಗೆ ಹೋಗಬೇಕಾದ ನಾನು ಅವುಗಳನ್ನು ನೋಡುತ್ತ ಬಾಗಿಲಲ್ಲೇ ನಿಂತುಬಿಟ್ಟೆ. ಅವರಿದ್ದಿದ್ದರೆ ಇದನ್ನು ಕಂಡೂ ಸುಮ್ಮನೆ ಕೂರುವುದು ಅವರಿಂದ ಆಗುತ್ತಿರಲಿಲ್ಲ. ಯಾರ ಮನೆಯ ಮದುವೆಯಿರಲಿ, ಯಾರ ಮನೆಯ ಮಣ್ಣಿರಲಿ, ಹೊರಗೆ ಬಿಟ್ಟ ಚಪ್ಪಲಿಗಳನ್ನು ಕಾಲಿನಿಂದಲೇ ಸರಿಸಿ, ಜೋಡಿ ಮಾಡಿ, ಸಾಲು ಹಚ್ಚಿದ ಮೇಲೆಯೇ ಒಳಗೆ ಹೆಜ್ಜೆ ಇಡುತ್ತಿದ್ದ ಮನುಷ್ಯ ಅವರು. ಅಂದು ಒಳಗೆ ನೆಟ್ಟಗೆ ಮಲಗಿದ್ದರು. ಮಲಗುವುದರಲ್ಲೂ ಶಿಸ್ತು ಎಂದುಕೊಂಡೆ, ಅಷ್ಟು ದುಃಖದಲ್ಲೂ ನಗು ಬಂತು.

ಅವರು ಯಾರು ಎಂದು ಮೊದಲು ಹೇಳಿಬಿಡುತ್ತೇನೆ. ಮುಳಗುಂದದ ಹೈಸ್ಕೂಲೊಂದರಲ್ಲಿ ನಾನು ಗಣಿತ ಕಲಿಸುತ್ತಿದ್ದೆ, ಅವರು ಮಕ್ಕಳನ್ನು ಓಡಿಸುತ್ತಿದ್ದರು. ಇಬ್ಬರ ಮನೆಯೂ ಬೆಟಗೇರಿಯ ಒಂದೇ ಓಣಿಯಲ್ಲಿ, ಹೋಗಿಬರುವುದು ಒಂದೇ ಬಸ್ಸಿನಲ್ಲಿ. ಈ ಕಡೆ ಶಿಕ್ಷಕಿಯರನ್ನೆಲ್ಲ ಕರೆಯುವ ಹಾಗೆ ಅವರು ನನ್ನನ್ನು 'ಅಕ್ಕಾರ' ಎನ್ನುತ್ತಿದ್ದರು. ಅವರ ಹೆಸರು ಇಲ್ಲಿ ಬೇಡ. ಬೇಕೆಂದರೂ ಅದು ಎಷ್ಟು ಜನಕ್ಕೆ ಗೊತ್ತಿತ್ತೋ ಅನುಮಾನವೇ. ಮಕ್ಕಳಿಗೆ, ಹೆಡ್‌ಮಾಸ್ತರರಿಗೆ, ಬಸ್ ಕಂಡಕ್ಟರಿಗೆ, ಕಡೆಗೆ ಅವರ ಅಳಿಯನಿಗೂ ಅವರು ಪಿ.ಟಿ. ಸರ್ ಅಷ್ಟೆ. ಅವರ ಹೆಂಡತಿಯನ್ನು ನಾನು, ಅತ್ತಿಗೆಯನ್ನು ಕರೆದ ಹಾಗೆ, ವೈನಿ ಎನ್ನುತ್ತೇನೆ. ಈ ಬರಹ ಅವರಿಬ್ಬರದೂ ಹೌದು.

ಆಳು ಬಡಕಲು. ಒಣ ಹತ್ತಿಕಟ್ಟಿಗೆಯ ಹಾಗೆ ತೆಳ್ಳಗೆ, ಗಟ್ಟಿ. ಬಿಳಿ ಕ್ಯಾನ್ವಾಸ್ ಬೂಟು, ಅಂಗಿಯ ಜೇಬಿನಲ್ಲಿ ಸೀಟಿ. ಆ ಸೀಟಿಯನ್ನು ಅವರು ಎಲ್ಲೂ ಬಿಟ್ಟು ಹೋದವರಲ್ಲ. ಒಮ್ಮೆ ನಮ್ಮ ಬಸ್ಸು ದಾರಿಗಡ್ಡ ನಿಂತ ಎಮ್ಮೆಗಳಿಗಾಗಿ ಕಾಯುತ್ತಿದ್ದಾಗ ಕೆಳಗಿಳಿದು ಸೀಟಿ ಊದಿದರು. ಎಮ್ಮೆಗಳು ಸರಿಯಲಿಲ್ಲ. ಬಸ್ಸಿನೊಳಗಿದ್ದ ನಮ್ಮ ಶಾಲೆಯ ಹುಡುಗರೆಲ್ಲ ಎದ್ದು ನಿಂತರು. ಸರ್ ಹತ್ತಿ ಬಂದು ಅದನ್ನು ನೋಡಿ, ತಮ್ಮ ಕೆಲಸ ಪೂರ್ತಿ ವ್ಯರ್ಥವಾಗಲಿಲ್ಲವೆಂಬಂತೆ ತಲೆಯಾಡಿಸಿ ಕುಳಿತರು.

ಓಟದ ಟ್ರ್ಯಾಕಿಗೆ ಸುಣ್ಣದ ಗೆರೆ ಎಳೆಯುವುದನ್ನು ಅವರು ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ. ತಳಕ್ಕೆ ತೂತು ಹೊಡೆದ ಡಬ್ಬಿಯಲ್ಲಿ ಸುಣ್ಣದ ಪುಡಿ ತುಂಬಿ, ಅದನ್ನು ತಟ್ಟುತ್ತ ಹೊರಟರೆ ಕಣ್ಣು ದೂರದ ಬೇವಿನ ಮರದ ಮೇಲೆಯೇ. "ಕಾಲ ಕೆಳಗ ನೋಡಿದ್ರ ಗೆರಿ ಸೊಟ್ಟ ಆಗತೈತ್ರಿ ಅಕ್ಕಾರ, ಎಲ್ಲಿಗೆ ಹೋಗೂದೈತಿ ಅಲ್ಲೆ ನೋಡಬೇಕು" ಎನ್ನುತ್ತಿದ್ದರು. ನಾನು ಹಲಗೆಯ ಮೇಲೆ ಸ್ಕೇಲಿಟ್ಟು ಎಳೆದ ಗೆರೆಗಿಂತ ಅವರ ಗೆರೆ ಚೆನ್ನಾಗಿರುತ್ತಿತ್ತು ಎಂದು ಮಕ್ಕಳು ಹೇಳುತ್ತಿದ್ದರು. ಮಕ್ಕಳಿಗೇನು, ಗಣಿತದ ಅಕ್ಕಾರನ್ನು ಬೈಯಲು ಒಂದು ನೆಪ ಬೇಕು.

ಅವರು ಕೈಯೆತ್ತಿ ಹೊಡೆದದ್ದನ್ನು ನಾನು ಕಂಡಿಲ್ಲ. ತಪ್ಪು ಮಾಡಿದವನು ಗ್ರೌಂಡಿಗೆ ಒಂದು ಸುತ್ತು ಹಾಕಬೇಕು, ಅವನ ಜೊತೆ ಸರ್ ಕೂಡ ಓಡಬೇಕು, ಅದೇ ಶಿಕ್ಷೆ. ಸುತ್ತು ಮುಗಿಯುವುದರೊಳಗೆ ಹುಡುಗ ತನ್ನ ಮನೆಯ ಕಥೆಯನ್ನೆಲ್ಲ ಹೇಳಿ ಮುಗಿಸಿರುತ್ತಿದ್ದ. ನಮ್ಮ ಸ್ಟಾಫ್ ರೂಮಿಗೆ ಬಾರದ ಎಷ್ಟೋ ಸುದ್ದಿ ಹೀಗೆ ಓಡುತ್ತ ಓಡುತ್ತ ಅವರ ಕಿವಿಗೆ ಬೀಳುತ್ತಿತ್ತು. ಯಾವ ಹುಡುಗಿಗೆ ಬೂಟಿಲ್ಲ, ಯಾವ ಹುಡುಗ ಬೆಳಿಗ್ಗೆ ಏನೂ ತಿನ್ನದೆ ಬಂದಿದ್ದಾನೆ, ಎಲ್ಲ ಗೊತ್ತು. ವರ್ಷಕ್ಕೊಮ್ಮೆ ಶಾಲೆಯ ಎಲ್ಲರನ್ನೂ ತೂಕದ ಯಂತ್ರದ ಮೇಲೆ ನಿಲ್ಲಿಸುತ್ತಿದ್ದರು. ಯಾರು ಸೊರಗಿದ್ದಾರೆ ಎಂದು ತಿಳಿಯಲು ಅವರಿಗೆ ಕಾಗದ ನೋಡುವ ಅಗತ್ಯವೇ ಇರಲಿಲ್ಲ.

ಇಷ್ಟು ಒಳ್ಳೆಯ ಮನುಷ್ಯನ ಮನೆಯಲ್ಲಿ ಹೇಗಿತ್ತು ಎಂದರೆ, ಅವರೇ ಇರುತ್ತಿರಲಿಲ್ಲ. ಭಾನುವಾರ ಬಂತೆಂದರೆ ಖೋಖೋ, ರಜೆ ಬಂತೆಂದರೆ ಕಬಡ್ಡಿ. ತಾಲೂಕು ಮಟ್ಟ, ಜಿಲ್ಲಾ ಮಟ್ಟ ಎಂದು ಮಕ್ಕಳನ್ನು ಕಟ್ಟಿಕೊಂಡು ಶಿರಹಟ್ಟಿಗೆ, ಮುಂಡರಗಿಗೆ, ಇನ್ನೆಲ್ಲಿಗೋ ಹೋಗಿ, ಯಾವುದೋ ಶಾಲೆಯ ಪಡಸಾಲೆಯಲ್ಲಿ ಅವರ ನಡುವೆಯೇ ಮಲಗಿ ಬರುತ್ತಿದ್ದರು. ವೈನಿಯ ತವರು ಲಕ್ಷ್ಮೇಶ್ವರ. ಹಬ್ಬಕ್ಕೆ, ಬಾಣಂತನಕ್ಕೆ, ತಮ್ಮನ ಮದುವೆಗೆ, ಎಲ್ಲಕ್ಕೂ ಅವರು ಒಬ್ಬರೇ ಬಸ್ಸಿನಲ್ಲಿ ಹೋಗಿ ಬಂದರು. ವೈನಿಯ ತಂದೆ ತೀರಿಕೊಂಡ ದಿನವೂ ಒಬ್ಬರೇ. ಸರ್ ಅಂದು ಮಕ್ಕಳ ಜೊತೆ ದೂರದ ಊರಿನಲ್ಲಿದ್ದರು. ಸುದ್ದಿ ಮುಟ್ಟಿತ್ತು. ಫೈನಲ್ ಪಂದ್ಯ ಮುಗಿಸಿಕೊಂಡು ಮರುದಿನ ಮಧ್ಯಾಹ್ನ ಹೋದರು. ಆ ಹೊತ್ತಿಗೆ ಎಲ್ಲ ಮುಗಿದಿತ್ತು.

ಅದನ್ನು ನನಗೆ ಹೇಳಿದ್ದು ವೈನಿಯಲ್ಲ, ಸರ್. ಒಂದು ಸಂಜೆ ಬಸ್ಸಿನಲ್ಲಿ ಕಿಟಕಿಯ ಹೊರಗೆ ನೋಡುತ್ತ, "ಆವತ್ತಿನಿಂದ ಆಕಿ ನನಗ ಎಲ್ಲಿಗೂ ಬರ್ರಿ ಅಂದಿಲ್ರಿ ಅಕ್ಕಾರ. ಒಂದ ಮಾತ ಬೈದಿದ್ರ ಚಲೋ ಆಗತಿತ್ತು" ಎಂದರು. ನನಗೆ ಅವರ ಮೇಲೆ ಸಿಟ್ಟು ಬಂದಿತ್ತು, ಅದನ್ನು ಮುಚ್ಚಿಡುವುದಿಲ್ಲ.

ನಿವೃತ್ತಿಯಾದ ಮೇಲೆ ಸರ್ ಒಂದು ಕಾರು ತಂದರು. ಅದು ಎಂಥ ಕಾರು ಎಂದರೆ ನಮ್ಮ ಓಣಿಗೆ ಓಣಿಯೇ ಎದ್ದು ಹೊರಗೆ ಬಂತು. ಜಪಾನಿನದಂತೆ, ಹಳೆಯದಂತೆ, ಹುಬ್ಬಳ್ಳಿಯಲ್ಲಿ ಯಾರೋ ಇಟ್ಟುಕೊಂಡಿದ್ದರಂತೆ. ಸೇವಂತಿಗೆ ಹಳದಿ, ನೆಲಕ್ಕಂಟಿದ ಸ್ಪೋರ್ಟ್ಸ್ ಕಾರು, ಎರಡೇ ಸೀಟು. ನಮ್ಮ ಕಡೆ ಕಾರೆಂದರೆ ಒಂದು ಮನೆತನ ಪೂರ್ತಿ, ಮೇಲೆ ಪಕ್ಕದ ಮನೆಯ ಇಬ್ಬರು, ಬುತ್ತಿಯ ಗಂಟು, ಎಲ್ಲ ಹಿಡಿಯಬೇಕು. ಎದುರು ಮನೆಯ ಅಜ್ಜ ಹಿಂದಿನ ಗಾಜಿಗೆ ಹಣೆ ಹಚ್ಚಿ ನೋಡಿ, "ಹಿಂದಿನ ಸೀಟು ಆಮ್ಯಾಲೆ ಬರತೈತೇನ್ರಿ ಸರ?" ಎಂದು ಕೇಳಿದ. ಮುಂಡರಗಿಗೆ ಕೊಟ್ಟ ಮಗಳು ಫೋನಿನಲ್ಲೇ ಮುನಿಸಿಕೊಂಡಳು. ಬೀಗರು, ನಮ್ಮನ್ನು ಹತ್ತಿಸಿಕೊಳ್ಳಬಾರದೆಂದೇ ಇಂಥದ್ದು ತಂದಿದ್ದಾರೆ ಎಂದು ಆಡಿಕೊಂಡರು.

"ಎರಡ ಯಾಕ್ರಿ ಸರ?" ಎಂದು ನಾನೂ ಕೇಳಿದೆ.

"ಇಷ್ಟು ವರ್ಷ ಊರ ಹುಡುಗೂರನ್ನೆಲ್ಲಾ ಕಟಗೊಂಡು ತಿರುಗೀನ್ರಿ. ಈಗ ಇಬ್ಬರ ಸಾಕು" ಎಂದರು. ಎರಡನೆಯವರು ಯಾರೆಂದು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

ಆದರೆ ಎರಡನೆಯವರು ಹತ್ತಲಿಲ್ಲ. ವೈನಿ ಕಾರಿಗೆ ಅರಿಶಿನ ಕುಂಕುಮ ಹಚ್ಚಿ, ಆರತಿ ಎತ್ತಿ, ಚಕ್ರದ ಕೆಳಗೆ ನಿಂಬೆಹಣ್ಣನ್ನೂ ತಾವೇ ಇಟ್ಟರು. ಸರ್ ಎಡಗಡೆಯ ಬಾಗಿಲು ತೆರೆದು ಹಿಡಿದು ನಿಂತಾಗ ಮಾತ್ರ, "ನಾ ಎಲ್ಲೆಲ್ಲಿಗೆ ಹೋಗೂದಿತ್ತು ಅಲ್ಲಿಗೆಲ್ಲಾ ಬಸ್ಸಿನ್ಯಾಗ ಹೋಗಿ ಬಂದೀನ್ರಿ. ಇನ್ನ ಹೋಗೂದು ಎಲ್ಲೂ ಉಳದಿಲ್ಲ" ಎಂದು ಹೇಳಿ ಒಳಗೆ ನಡೆದರು. ಜೋರು ದನಿಯಲ್ಲಿ ಹೇಳಲಿಲ್ಲ. ವೈನಿಗೆ ಮೊಣಕಾಲು ನೋವಿತ್ತು, ಓಣಿಯವರಿಗೆ ಅದು ಆ ನೋವಿನ ಮಾತಾಗಿ ಕೇಳಿಸಿರಬೇಕು. ಸರ್ ಬಾಗಿಲನ್ನು ಮೆಲ್ಲಗೆ ಹಾಕಿದರು.

ಹೀಗೇ ತಿಂಗಳುಗಳು ಹೋದವು. ಅವರು ಒಬ್ಬರೇ ಹೋಗಿ ಹಾಲು ತರುವುದು, ಒಬ್ಬರೇ ಕಾರು ಒರೆಸುವುದು. ಅಷ್ಟಕ್ಕೇ ಬಿಡಬಹುದಿತ್ತಲ್ಲ, ಬಿಡಲಿಲ್ಲ. ಅವರಿಗೆ ಆ ಕಾರು ನಿಲ್ಲುವ ರೀತಿ ಸರಿ ಕಾಣಲಿಲ್ಲವಂತೆ. "ಓಡಾವ ಸ್ಟಾರ್ಟಿಂಗ್ ಗೆರಿ ಮ್ಯಾಲೆ ಬಗ್ಗಿ ಕುಂತಿರಬೇಕ್ರಿ. ಇದು ಪೆರೇಡಿಗೆ ನಿಂತಂಗ ನಿಂತೈತಿ" ಎಂದು ಹುಬ್ಬಳ್ಳಿಗೆ ಒಯ್ದು, ಇದ್ದ ಸ್ಪ್ರಿಂಗ್ ಬಿಚ್ಚಿಸಿ ಗಿಡ್ಡವು ಹಾಕಿಸಿ, ನಾಲ್ಕು ಬೆರಳಷ್ಟು ಇಳಿಸಿಕೊಂಡು ಬಂದರು. ಮೊದಲೇ ತಗ್ಗು. ಈಗ ನೆಲಕ್ಕೂ ಅದಕ್ಕೂ ನಡುವೆ ಬೆಕ್ಕಿನ ಮರಿ ಕೂಡ ಯೋಚಿಸಿ ನುಸುಳಬೇಕು. ಮೊಣಕಾಲು ನೋವಿನ ಹೆಂಡತಿಯನ್ನು ಕೂರಿಸಬೇಕೆಂದಿರುವವರು ಮಾಡುವ ಕೆಲಸವೇ ಇದು ಎಂದು ನಾನು ಚೆನ್ನಾಗಿ ಬೈದೆ. ಅವರು ತಲೆ ಕೆರೆದುಕೊಂಡು, "ಹೌದಲ್ರಿ, ಅದು ತಲ್ಯಾಗ ಬರಲಿಲ್ಲ" ಎಂದರು. ಬಂದಿರಲಿಲ್ಲ ಎಂಬುದು ಖರೆ.

ಆಮೇಲೆ ಅವರು ರಸ್ತೆಯ ಹಂಪುಗಳನ್ನು ದಾಟುವುದನ್ನು ನೋಡಲು ಜನ ಕಾಯುತ್ತಿದ್ದರು. ಹರ್ತಿ ಕಡೆಯಾಗಲಿ ಅಂತೂರ ಬೆಂತೂರ ಕಡೆಯಾಗಲಿ, ಎಲ್ಲಿ ಹಂಪಿದೆ, ಯಾವುದನ್ನು ಓರೆಯಾಗಿ ಹತ್ತಬೇಕು, ಯಾವುದಕ್ಕೆ ಇಳಿದು ಹಲಗೆ ಇಡಬೇಕು, ಎಲ್ಲ ಅವರಿಗೆ ಬಾಯಿಪಾಠ. ಕಟ್ಟೆಯ ಮೇಲೆ ಕುಳಿತವರು ಎದ್ದು ಬಂದು, "ಇನ್ನೊಂದೀಟು ಬಲಕ್ಕ ತಗೋರಿ ಸರ, ಹೊಟ್ಟಿ ತಾಗತೈತಿ" ಎಂದು ದಾರಿ ತೋರಿಸುತ್ತಿದ್ದರು.

ಅಷ್ಟರಲ್ಲಿ ಒಂದು ಅವಕಾಶ ತಾನಾಗಿಯೇ ಬಂತು. ಶಿರಹಟ್ಟಿಯಲ್ಲಿ ವೈನಿಯ ಅಕ್ಕನ ಮೊಮ್ಮಗುವಿನ ತೊಟ್ಟಿಲು. ಹೋಗಬೇಕಾದ ಬಸ್ಸು ತಪ್ಪಿತು, ಮುಂದಿನದು ಬರುವ ಹೊತ್ತಿಗೆ ಕಾರ್ಯ ಮುಗಿದಿರುತ್ತದೆ. ವೈನಿ ಹೊಸ ಸೀರೆಯ ನೆರಿಗೆ ಒತ್ತಿ ಹಿಡಿದು ಕಾರಿನಲ್ಲಿ ಇಳಿದು ಕೂತರು. ಹತ್ತಿ ಕೂತರು ಎನ್ನಲು ಬರುವುದಿಲ್ಲ. ಸರ್ ಮುಖ ನೋಡಬೇಕಿತ್ತು, ಅವರ ಶಾಲೆಯ ಮಕ್ಕಳು ಜಿಲ್ಲೆಗೆ ಮೊದಲು ಬಂದಾಗಲೂ ಹಾಗೆ ಅರಳಿರಲಿಲ್ಲ.

ಮುಳಗುಂದ ನಾಕಾ ದಾಟುವುದರೊಳಗೆ ಎಲ್ಲ ಕೆಟ್ಟಿತು. ಸ್ಪ್ರಿಂಗ್ ಬದಲಿಸಿದ ಮೇಲೆ ಚಕ್ರಗಳನ್ನು ಮತ್ತೆ ಹೊಂದಿಸಬೇಕಾಗುತ್ತದೆ, ಅಲೈನ್‌ಮೆಂಟ್ ಮಾಡಿಸಬೇಕಾಗುತ್ತದೆ. ಸ್ಪ್ರಿಂಗ್ ಸ್ವಲ್ಪ ಕೂತುಕೊಳ್ಳಲಿ, ಆಮೇಲೆ ಮಾಡಿಸಿದರಾಯಿತು ಎಂದು ಸರ್ ಬಿಟ್ಟಿದ್ದರು. ಚಕ್ರಗಳ ತಲೆ ಒಳಗಡೆ ವಾಲಿತ್ತು. ಒಬ್ಬರೇ ಇದ್ದಾಗ ಹೇಗೋ ತಡೆದುಕೊಂಡಿದ್ದ ಕಾರು, ಇಬ್ಬರು ಕೂತ ಕೂಡಲೇ ಎಡಕ್ಕೆ ಎಳೆಯತೊಡಗಿತು. ಸರ್ ಸ್ಟೇರಿಂಗನ್ನು ಬಲಕ್ಕೆ ತಿರುಗಿಸಿ ಹಿಡಿದರೆ ಮಾತ್ರ ಅದು ನೆಟ್ಟಗೆ ಹೋಗುತ್ತಿತ್ತು. ಟೈರು ಒಳಗೆಲ್ಲೋ ಉಜ್ಜಿ ಕಿರುಗುಟ್ಟಿತು. ಒಂದು ಟಂಟಂ ಆಟೋಗೆ ಒರೆಸುವುದು ಸ್ವಲ್ಪದರಲ್ಲಿ ತಪ್ಪಿತು. ವೈನಿ ಕಾರು ನಿಲ್ಲಿಸಲು ಹೇಳಿ, ಬಾಗಿಲ ಚೌಕಟ್ಟು ಹಿಡಿದು ಕಷ್ಟಪಟ್ಟು ಎದ್ದು, ಅದೇ ಟಂಟಂ ಹತ್ತಿ ಮನೆಗೆ ಬಂದರು. ತೊಟ್ಟಿಲ ಕಾರ್ಯ ತಪ್ಪಿತು. ಆ ಸಂಜೆ ನಾನು ಹೋದಾಗ ಹೊಸ ಸೀರೆಯಲ್ಲೇ ಪಡಸಾಲೆಯಲ್ಲಿ ಕುಳಿತಿದ್ದರು. "ಇನ್ನ ಆ ಗಾಡಿ ಮಾತ ನನ್ನ ಮುಂದ ತಗೀಬ್ಯಾಡ್ರಿ ಅಕ್ಕಾರ" ಎಂದಷ್ಟೇ ಅಂದರು.

ಮರುದಿನ ಸರ್ ನಮ್ಮ ಮನೆಗೆ ಬಂದರು. ಬಂದವರು ನಮ್ಮ ಕ್ಯಾಲೆಂಡರ್ ನೆಟ್ಟಗೆ ಮಾಡಿದರು, ಕುಳಿತರು, ಚಹಾ ಬೇಡವೆಂದರು. ಆಮೇಲೆ ನೆಲ ನೋಡುತ್ತ, "ಅಕ್ಕಾರ, ನಿಮ್ಮ ವೈನಿ ತೂಕ ಎಷ್ಟ ಇರಬೇಕ್ರಿ?" ಎಂದರು.

ನನಗೆ ತಲೆಬುಡ ತಿಳಿಯಲಿಲ್ಲ. ಬಿಡಿಸಿ ಕೇಳಿದರೆ ವಿಷಯ ಹೀಗೆ: ಇಷ್ಟು ಇಳಿಸಿದ ಗಾಡಿಗೆ ಅಲೈನ್‌ಮೆಂಟ್ ಮಾಡಿಸುವಾಗ ಅದರಲ್ಲಿ ದಿನಾ ಕೂರುವವರ ತೂಕ ಅದರಲ್ಲಿದ್ದರೆ ಒಳ್ಳೆಯದು ಎಂದು ಸ್ಪ್ರಿಂಗ್ ಹಾಕಿದವನು ಹೇಳಿದ್ದನಂತೆ. ಬಲಗಡೆ ಇವರು ಕೂರುತ್ತಾರೆ. ಎಡಗಡೆಗೆ? "ಇದ ಕಡೀ ಸಲ ಅಕ್ಕಾರ. ಇನ್ನೊಮ್ಮೆ ಆಕಿ ಹತ್ತಿದ್ರ ಗಾಡಿ ಒಂದೀಟೂ ಎಳೀಬಾರದು. ಎಳೀತು ಅಂದ್ರ ಮುಗೀತು" ಎಂದರು. ಇಡೀ ಶಾಲೆಯನ್ನು ತೂಗಿದ ಮನುಷ್ಯನಿಗೆ ತನ್ನ ಮನೆಯವರ ತೂಕ ಗೊತ್ತಿರಲಿಲ್ಲ. ಕೇಳುವ ಧೈರ್ಯವೂ ಇರಲಿಲ್ಲ.

"ನೀವೂ ಹೆಚ್ಚೂಕಡಿಮಿ ಅಷ್ಟ ಅದೀರಿ. ಒಂದ ತಾಸು ಕುಂತ್ರ..." ಎಂದು ನನ್ನ ಕಡೆ ನೋಡಿದರು.

ವೈನಿ ಕೂರದ ಸೀಟಿನಲ್ಲಿ ನಾನು ಕೂತು ಬೆಟಗೇರಿಯಿಂದ ಹುಬ್ಬಳ್ಳಿ ರಸ್ತೆಯ ಅಲೈನ್‌ಮೆಂಟ್ ಅಂಗಡಿಯ ತನಕ ಮೆರವಣಿಗೆ ಹೋಗುವುದೇ! ನನ್ನ ಜೀವ ಇರುವ ತನಕ ಸಾಧ್ಯವಿಲ್ಲ ಎಂದೆ. ಬಾಯಿ ತಪ್ಪಿ, "ಬೇಕಾದ್ರ ಜ್ವಾಳದ ಚೀಲ ಇಟಗೋರಿ" ಎಂದೂ ಅಂದೆ. ಹಾಸ್ಯಕ್ಕೆ ಅಂದದ್ದು. ಸರ್ ಎದ್ದು ನಿಂತರು. ಕಣ್ಣು ಹೊಳೆಯುತ್ತಿತ್ತು.

ಹೀಗೆ, ವೈನಿ ಗುಡಿಗೆ ಹೋದ ಹೊತ್ತಿನಲ್ಲಿ, ಲಕ್ಷ್ಮೇಶ್ವರದ ತವರಿನಿಂದ ಬಂದ ಬಿಳಿಜೋಳದ ಒಂದು ಪೂರ್ತಿ ಚೀಲ, ಅದರ ಮೇಲೊಂದು ಅರ್ಧ ಚೀಲ ಎಡಗಡೆಯ ಸೀಟಿನಲ್ಲಿ ಕೂತವು. ಸರ್ ಅದಕ್ಕೆ ಬೆಲ್ಟು ಕಟ್ಟಿದರು. ಅಂದಾಜು ನಮ್ಮಿಬ್ಬರದೂ. ಹೆಚ್ಚಾಯಿತೇನೋ ಎಂದು ನನಗೆ ಅನಿಸಿತ್ತು, ಆದರೆ ಇನ್ನೊಬ್ಬ ಹೆಂಗಸಿನ ತೂಕ ಕಡಿಮೆ ಮಾಡಿ ಹೇಳಲು ನನಗೂ ಮನಸ್ಸು ಬರಲಿಲ್ಲ. ನಾನು ನನ್ನ ಸ್ಕೂಟಿಯಲ್ಲಿ ಹಿಂದೆ ಹೊರಟೆ.

ಅಲೈನ್‌ಮೆಂಟ್ ಅಂಗಡಿಯ ಸಾಹೇಬರು ಮಾತುಗಾರ, ಸಜ್ಜನ. ದಿನವಿಡೀ ಟ್ಯಾಕ್ಸಿ, ಗೂಡ್ಸ್ ಗಾಡಿ ನೋಡಿದವರು ಈ ಹಳದಿ ಕಾರಿನ ಸುತ್ತ ಒಂದು ಸುತ್ತು ಬಂದು ಬಗ್ಗಿ ನೋಡಿ, "ಇದು ರ‍್ಯಾಂಪ್ ಹತ್ತಾಂಗಿಲ್ರಿ ಸರ, ಮೂತಿ ಬಡೀತೈತಿ" ಎಂದರು. ರ‍್ಯಾಂಪಿನ ಮುಂದೆ ಉದ್ದನೆಯ ಹಲಗೆ ಜೋಡಿಸಿ, ಮೆಲ್ಲಗೆ ಹತ್ತಿಸಿ, ನಾಲ್ಕೂ ಚಕ್ರಗಳಿಗೆ ಅಳತೆಯ ಯಂತ್ರ ಕಚ್ಚಿಸಿದ್ದಾಯಿತು.

"ಸರ, ಚೀಲ ಇಳಸ್ರಿ."

"ಇಳಸೂ ಹಂಗಿಲ್ಲ. ಅದು ನಮ್ಮ ಮನಿಯವರು."

ಸಾಹೇಬರು ನನ್ನ ಕಡೆ ತಿರುಗಿದರು. "ನನ್ನ ನೋಡಬ್ಯಾಡ್ರಿ, ನಾ ಬರೇ ಸಾಕ್ಷಿ" ಎಂದು ನಾನು ಹಳೆಯ ಟೈರುಗಳ ಗುಡ್ಡೆಯ ಮೇಲೆ ಕುಳಿತೆ. ಸರ್ ವಿವರಿಸಿ ಹೇಳಿದರು. ಸಾಹೇಬರು ಗಡ್ಡ ಸವರಿಕೊಂಡು, ಖಾಲಿ ಗಾಡಿಗೇ ಎಲ್ಲರೂ ಮಾಡಿಸುವುದು, ಆದರೂ ನಿಮ್ಮ ಇಚ್ಛೆ ಎಂದು ನಟ್ಟು ತಿರುಗಿಸುವ ಪಾನಾ ಹಿಡಿದು ಕೆಳಗಿಳಿದರು.

ಕೆಲಸ ಶುರುವಾಗಿ ಸ್ವಲ್ಪ ಹೊತ್ತಾಗಿತ್ತು, ಒಂದು ಟಂಟಂ ಬಂದು ನಿಂತಿತು. ಇಳಿದವರು ವೈನಿ. ಗುಡಿಯಿಂದ ಬಂದು ಜೋಳ ಗಿರಣಿಗೆ ಕಳಿಸಲು ನೋಡಿದರೆ ಚೀಲಗಳಿಲ್ಲ. ಎದುರು ಮನೆಯ ಅಜ್ಜ, ಸರ್ ಅವನ್ನು ಗಾಡಿಯಲ್ಲಿ ಕೂರಿಸಿ ಬೆಲ್ಟು ಕಟ್ಟಿಕೊಂಡು ಚಕ್ರ ಸರಿಮಾಡಿಸಲು ಹೋದರೆಂದು ಸಾಂಗವಾಗಿ ವರದಿ ಒಪ್ಪಿಸಿದ್ದಾನೆ.

"ನನ್ನ ಜ್ವಾಳಾ ಎಲ್ಲೈತ್ರಿ?" ಎಂದು ಕೇಳುತ್ತಲೇ ಬಂದವರು ಕಾರಿನೊಳಗೆ ನೋಡಿ ನಿಂತರು. ಚೀಲದ ಹೊಟ್ಟೆಯ ಮೇಲೆ ಬೆಲ್ಟು ಬಿಗಿದಿತ್ತು. ಪಕ್ಕದಲ್ಲಿ ಸರ್ ಸ್ಟೇರಿಂಗ್ ಹಿಡಿದು ಅಲುಗಾಡದೆ ಕೂತಿದ್ದರು. ಇಳಿದರೆ ಅಳತೆ ಕೆಡುತ್ತದೆ ಎಂದಿರಬೇಕು.

ಕೆಳಗಿನಿಂದ ತಲೆಯೆತ್ತಿದ ಸಾಹೇಬರಿಗೆ ಇವರು ಯಾರೆಂದು ತಿಳಿಯದು. "ಅದನ್ನ ಮುಟ್ಟಬ್ಯಾಡ್ರಿ ಅವ್ವಾರ. ಅದು ಸರ ಅವರ ಮನಿಯವರ ತೂಕ ಅಂತ" ಎಂದರು.

ವೈನಿ ಚೀಲವನ್ನೇ ನೋಡಿದರು. "ಇದು ನಾನಾ?"

"ಅಂದಾಜಿನ ಮ್ಯಾಲೆ..." ಎಂದರು ಸರ್.

"ಇಷ್ಟು ವರ್ಷ ಸಂಸಾರ ಮಾಡಿ ಅಂದಾಜೇನ್ರಿ? ಸಾಲಿ ಹುಡುಗೂರದೆಲ್ಲಾ ಗೊತ್ತಿತ್ತು ನಿಮಗ. ನನ್ನ ಕೇಳಾಕ ಏನಾಗಿತ್ತು?"

"ಕೇಳಿದ್ರ ಯಾಕ ಅಂತಿದ್ದಿ. ಗಾಡ್ಯಾಗ ಕುಂಡ್ರು ಅನ್ನಬೇಕಾಗತಿತ್ತು. ನೀ ಒಲ್ಲೆ ಅಂತಿದ್ದಿ."

"ಒಲ್ಲೆ ಅಂತೀನಿ ಅಂತ ಗೊತ್ತಿತ್ತು. ಮತ್ತ ಈ ಚೀಲ ಯಾಕ ಹೊತಗೊಂಡು ಬಂದೀರಿ? ಖಾಲಿನ ಮಾಡ್ಸಬೇಕಿತ್ತು."

ಸರ್ ಮುಂದಿನ ಗಾಜಿನ ಕಡೆಗೇ ನೋಡುತ್ತಿದ್ದರು. "ಖಾಲಿ ಸೀಟಿಗೆ ಮಾಡ್ಸಿದ್ರ ಗಾಡಿ ಖಾಲಿ ಸೀಟಿಗೇ ಹೊಂದಿ ಬಿಡತೈತಿ. ಅದು ನನಗ ಬ್ಯಾಡಾಗಿತ್ತು" ಎಂದರು.

ರಸ್ತೆಯಲ್ಲಿ ಒಂದು ಲಾರಿ ಹೋಯಿತು. ಸಾಹೇಬರು ಪಾನಾ ಹಿಡಿದು ನಿಂತೇ ಇದ್ದರು. ನಾನು ಕಣ್ಣೊರೆಸಿಕೊಂಡೆ, ಟೈರಿನ ಧೂಳು ಎಂದು ಸುಳ್ಳು ಹೇಳುವುದಿಲ್ಲ. ವೈನಿ ಸೆರಗು ಸೊಂಟಕ್ಕೆ ಸಿಕ್ಕಿಸಿದರು.

"ಚೀಲ ಇಳಸ್ರಿ ಸಾಹೇಬರ. ಅದರ ಅರ್ಧನೂ ಇಲ್ಲ ನಾನು" ಎಂದರು.

ಸಾಹೇಬರೂ ಟಂಟಂನವನೂ ಸೇರಿ ಚೀಲ ಇಳಿಸಿದರು. ನಾನು ವೈನಿಯ ತೋಳು ಹಿಡಿದೆ. ಮೊಣಕಾಲು ಮಡಿಸಲು ಬಾರದೆ ಅವರು ಧೊಪ್ಪೆಂದು ಸೀಟಿಗೆ ಬಿದ್ದರು, ಸೆರಗು ಸರಿಮಾಡಿಕೊಂಡು ಗಂಡನ ಕಡೆ ನೋಡದೆ ನೆಟ್ಟಗೆ ಕುಳಿತರು.

"ಅಲುಗಾಡಬ್ಯಾಡ್ರಿ ಅವ್ವಾರ" ಎಂದರು ಕೆಳಗಿನಿಂದ ಸಾಹೇಬರು.

"ಅಲುಗಾಡಾಕ ಜಾಗಾ ಎಲ್ಲೈತ್ರಿ ಇದರಾಗ?" ಎಂದರು ವೈನಿ.

ಆ ಕೆಲಸಕ್ಕೆ ಬಹಳ ಹೊತ್ತು ಹಿಡಿಯಿತು. ಹಿಂದಿನ ಚಕ್ರ ಹೊಂದಿದರೆ ಮುಂದಿನದು ತಪ್ಪುವುದು, ಒಂದು ನಟ್ಟು ತುಕ್ಕು ಹಿಡಿದು ತಿರುಗದೆ ಇರುವುದು. ನಡುವೆ ಒಮ್ಮೆ ವೈನಿ, ಈ ಗುಂಡಿ ಯಾತಕ್ಕೆ ಎಂದು ಏನನ್ನೋ ತೋರಿಸಿ ಕೇಳಿದ್ದು ಕೇಳಿಸಿತು. ಸರ್ ಹೇಳಿದರು. ವೈನಿ ಇನ್ನೊಂದನ್ನು ಕೇಳಿದರು. ಅದನ್ನೂ ಹೇಳಿದರು. ಕಡೆಗೆ ಸಾಹೇಬರು ಎದ್ದು, ಪರದೆಯ ಮೇಲೆ ಎಲ್ಲವೂ ಹಸಿರು ಬಂತೆಂದು ತೋರಿಸಿ, "ಈಗ ಕೈ ಬಿಟ್ರೂ ಸೀದಾ ಹೋಗತೈತ್ರಿ" ಎಂದರು.

ಕಾರು ರ‍್ಯಾಂಪ್ ಇಳಿದು ರಸ್ತೆಯ ಅಂಚಿಗೆ ಬಂತು. ಸರ್ ಅಲ್ಲಿ ನಿಲ್ಲಿಸಿ, "ಎಲ್ಲಿಗೆ ಹೋಗೂಣು?" ಎಂದು ಕೇಳಿದರು. ಬೇರೆಯವರಿಗೆ ಎಲ್ಲಿಗೆ ಹೋಗಬೇಕೆಂದು ಹೇಳಿಯೇ ಗೊತ್ತಿದ್ದ ಮನುಷ್ಯ.

"ಮುಳಗುಂದಕ್ಕ ನಡೀರಿ. ನಿಮ್ಮ ಗ್ರೌಂಡ್ ತೋರಸ್ರಿ" ಎಂದರು ವೈನಿ.

ಅವರು ಹೋದರು. ಹಿಂದೆ ಇನ್ನೊಬ್ಬಳು ನಿಂತಿದ್ದಾಳೆ ಎಂಬುದು ಇಬ್ಬರಿಗೂ ನೆನಪಾಗಲಿಲ್ಲ. ನಾನು ಆ ಒಂದೂವರೆ ಚೀಲ ಜೋಳವನ್ನು ಟಂಟಂಗೆ ಹಾಕಿಸಿ, ಸ್ಕೂಟಿಯಲ್ಲಿ ಅದರ ಹಿಂದೆ ಬೆಟಗೇರಿಗೆ ಬಂದೆ. ಇಷ್ಟು ಸಂತೋಷವಾಗಿ ನಾನು ಯಾರ ಕಾಳನ್ನೂ ಕಾಯ್ದವಳಲ್ಲ.

ಆಮೇಲೆ ಅವರು ತಿರುಗಿದ್ದೇ ತಿರುಗಿದ್ದು. ಶಿರಹಟ್ಟಿ, ಲಕ್ಷ್ಮೇಶ್ವರ, ಮುಂಡರಗಿಯ ಮಗಳ ಮನೆ, ಕಪ್ಪತಗುಡ್ಡದ ಸೆರಗಿನ ಹಳ್ಳಿಗಳು. ಕಾರಿನಲ್ಲೇ ಕುಳಿತು ಕಾಗದದಲ್ಲಿ ಗಿರ್ಮಿಟ್ ತಿನ್ನುವುದು. ಬಾಗಿಲ ಅಂಚಿನ ಮೇಲೆ ವೈನಿಯ ಮುಖ ಅರ್ಧ ಮಾತ್ರ ಕಾಣುತ್ತಿತ್ತು, ಆ ಅರ್ಧದಲ್ಲೂ ಗತ್ತು ಕಾಣುತ್ತಿತ್ತು. ಹಂಪು ಬಂದರೆ ಅವರೇ ಕಿಟಕಿಯಿಂದ ತಲೆ ಹೊರಹಾಕಿ ದಾರಿ ಹೇಳುತ್ತಿದ್ದರಂತೆ. ಎರಡು ವರ್ಷ ಹೀಗೆ ಕಳೆಯಿತು. ಒಂದು ಬೆಳಿಗ್ಗೆ ಸರ್ ವಾಕಿಂಗ್ ಮುಗಿಸಿ ಬಂದು ಬೂಟು ಜೋಡಿಸಿಟ್ಟು ಕುರ್ಚಿಯಲ್ಲಿ ಕುಳಿತವರು ಮತ್ತೆ ಏಳಲಿಲ್ಲ.

ಕಾರ್ಯಗಳೆಲ್ಲ ಮುಗಿದು ನೆಂಟರು ಹೋದ ಮೇಲೆ ಒಂದು ಮಧ್ಯಾಹ್ನ ನಾನು ವೈನಿಯ ಹತ್ತಿರ ಕುಳಿತಿದ್ದೆ. ಆವತ್ತು ಗ್ರೌಂಡಿನಲ್ಲಿ ಏನಾಯಿತು ಎಂದು ಅವರು ಹೇಳಿದ್ದು ಆಗ.

"ತವರಿಗೆ ಹೋಗೂ ಬಸ್ಸು ಆ ಗ್ರೌಂಡಿನ ಮುಂದ ಹಾದ ಹೋಗತಿತ್ರಿ. ಒಮ್ಮೆಮ್ಮೆ ಇವರು ಕಾಣತಿದ್ರು, ಬೆನ್ನು ಈ ಕಡೆ ಮಾಡಿ ನಿಂತಿರತಿದ್ರು. ನಾ ಎಂದೂ ಇಳದಿದ್ದಿಲ್ಲ. ಆವತ್ತ ಇಳದು ನೋಡಿದ್ರ ಏನೈತ್ರಿ ಅಲ್ಲೆ? ಬರೇ ಮಣ್ಣು, ಒಂದ ಬೇವಿನ ಗಿಡ. ಇದಕ್ಕೇನ್ರಿ ನೀವು ಮನಿ ಬಿಟ್ಟಿದ್ದು ಅಂದೆ. ಇಲ್ಲೆ ಖೋಖೋ, ಇಲ್ಲೆ ಲಾಂಗ್ ಜಂಪ್, ಇಲ್ಲೆ ಆ ಹುಡುಗಿ ಬಿದ್ದು ಕಾಲ ಮುರಕೊಂಡಿದ್ದು ಅಂತ ಎಲ್ಲಾ ತೋರಿಸಿದ್ರು. ಒಂದ ತಾಸು ಮಾತಾಡಿದ್ರು. ಮನ್ಯಾಗ ವರ್ಷಾನಗಟ್ಟಲೆ ಅಷ್ಟ ಮಾತಾಡಿದ್ದಿಲ್ಲ. ಕಡೀಕ ಗಿಡದ ಕೆಳಗ ಕುಂತು, 'ನಿಮ್ಮಪ್ಪಾ ಹೋದ ದಿನ ನಾ ಬರಬೇಕಾಗಿತ್ತು' ಅಂದ್ರು. ಅಷ್ಟ ಹೇಳಾಕ ಇಷ್ಟು ವರ್ಷ ಬೇಕಾತೇನ್ರಿ ಅಂದೆ. 'ಸೀಟಿ ಊದಾಕ ಬರತಿತ್ತು, ಇದು ಬರತಿದ್ದಿಲ್ಲ' ಅಂದ್ರು."

ವೈನಿ ಬಾಗಿಲ ಕಡೆ ನೋಡಿದರು. ಹೊರಗೆ ಕಾರಿನ ಮೇಲೆ ಹಾಸಿದ ಹೊದಿಕೆ ಗಾಳಿಗೆ ಏಳುತ್ತಿತ್ತು.

"ಬಂದ ಮಂದಿಗೆಲ್ಲಾ, ಎರಡು ವರ್ಷದಾಗ ಎಲ್ಲಾ ತಿರುಗಾಡಿಸಿ ತೋರಿಸಿ ಹೋದ್ರು, ನನಗೇನೂ ಆಸೆ ಉಳದಿಲ್ಲ ಅಂತ ಹೇಳೀನಿ. ಅವರೂ ಹೌದೌದು ಅಂದು ಹೋದ್ರು" ಎಂದರು. ಆಮೇಲೆ ನನ್ನ ಕೈ ಹಿಡಿದುಕೊಂಡರು.

"ಸುಳ್ಳ ಹೇಳೀನ್ರಿ ಅಕ್ಕಾರ. ನನಗಿನ್ನೂ ಸಾಕಾಗಿದ್ದಿಲ್ಲ."